ಮೂವತ್ತೊಂದು ಹೆಂಗಸರ ನಂಬರು

ಶಕ್ತಿನಗರ
3 ಆಗಸ್ಟ್ 2025

ಅಪ್ಪ,

ತೀರ್ಥರೂಪರು, ಸಾಷ್ಟಾಂಗ ನಮಸ್ಕಾರ ಎಂದೆಲ್ಲ ಬರೆಯಲು ಶಾಲೆಯಲ್ಲಿ ಕಲಿಸಿದ್ದರು. ಇವತ್ತು ನನ್ನ ಕೈಯಿಂದ ಅದು ಬರುವುದಿಲ್ಲ.

ಅಮ್ಮ ಯಾಕೆ ಪಡೀಲಿನ ದೊಡ್ಡಮ್ಮನ ಮನೆಗೆ ಹೋಗಿ ಕೂತಿದ್ದಾಳೆ ಎಂದು ನೀವು ಬೆಂಗ್ರೆ ಇಡೀ ಕೇಳಿಕೊಂಡು ತಿರುಗಿದ್ದೀರಂತೆ. ನನ್ನನ್ನು ಕೇಳಿ. ಕಳಿಸಿದ್ದು ನಾನು. ನಿಮ್ಮ ಹೊಸ ಫೋನನ್ನು ಡಬ್ಬದ ಸಮೇತ ಅಮ್ಮನ ಚೀಲದಲ್ಲಿ ಹಾಕಿ ಕಳಿಸಿದ್ದೂ ನಾನೇ. ಫೋನ್ ಇಲ್ಲದವರಿಗೆ ಪತ್ರವೇ ಬರೆಯಬೇಕಲ್ಲ, ಅದಕ್ಕೆ ಬರೆಯುತ್ತಿದ್ದೇನೆ. ತುಳುವಿನಲ್ಲಿ ಹೇಳುವುದಾದರೆ ಬಾಯಿಗೆ ಬಂದದ್ದೆಲ್ಲ ಹೇಳಿಬಿಡ್ತಿದ್ದೆ. ಕನ್ನಡದಲ್ಲಿ ಬರೆಯುವಾಗ ಸ್ವಲ್ಪ ಮರ್ಯಾದೆ ಉಳಿಯುತ್ತದೆ.

ನಮ್ಮ ಲುವಾನೊ ಫೋನ್ ಕಂಪೆನಿ ಈ ವರ್ಷ ಎಷ್ಟು ಬೆಳೀತದೆ ಎಂಬುದು ಹೊಸ ಗಿರಾಕಿಗಳ ಮೇಲೆ ಇಲ್ಲವಂತೆ. ನಾಲ್ಕು ವರ್ಷದಿಂದ ಫೋನ್ ಬದಲಿಸದೆ ಕೂತವರ ಮೇಲೆ ಉಂಟಂತೆ. ಅಂಥವರು ಕೋಟಿಗಟ್ಟಲೆ ಇದ್ದಾರೆ, ಅವರನ್ನು ಎಬ್ಬಿಸಿ ಎಂದು ನಮ್ಮ ಮ್ಯಾನೇಜರ್ ನವಾಝ್ ಸರ್ ದಿನಾ ಬೆಳಿಗ್ಗೆ ಶಟರ್ ತೆಗೆಯುವ ಮೊದಲು ಮೆಸೇಜ್ ಓದಿ ಹೇಳ್ತಾರೆ. ಜುಲೈಯಲ್ಲಿ ನನಗೆ ಮೂವತ್ತು ಎಕ್ಸ್‌ಚೇಂಜ್ ಮಾಡಿಸುವ ಟಾರ್ಗೆಟ್ ಇತ್ತು. ಇಪ್ಪತ್ತೊಂಬತ್ತಕ್ಕೆ ನಿಂತೆ. ಆಗ ನಿಮ್ಮ ನೆನಪಾಯಿತು. ಆರು ವರ್ಷದ ಹಳೇ ಸೆಟ್ಟು, ಗಾಜು ಒಡೆದು ಮೀನಿನ ಸಿಪ್ಪೆಯ ಹಾಗೆ ಎದ್ದು ಬರ್ತಿತ್ತು. ಅಪ್ಪನಿಗೂ ಒಳ್ಳೆಯದಾಗಲಿ, ನನ್ನ ಲೆಕ್ಕವೂ ತುಂಬಲಿ ಎಂದುಕೊಂಡೆ.

ನೀವು ಬಿಜೈಯ ನಮ್ಮ ಅಂಗಡಿಗೆ ಬಂದು ಫೋನನ್ನು ನನ್ನ ಕೈಗೆ ಕೊಟ್ಟು, ಹೊರಗೆ ಕಬ್ಬಿನ ಹಾಲು ಕುಡಿಯಲು ಹೋದಿರಿ. ನಾನು ಕಾಂಟಾಕ್ಟ್ ಓಪನ್ ಮಾಡಿದೆ. ಅಪ್ಪ, ಯಾರು ಇವರೆಲ್ಲ? ಅಂಜಲಿ. ಅಂಜಲಿ ಸಂಜೆ. ಮಂಜುಳಾ ಬೆಳಿಗ್ಗೆ ಮಾತ್ರ. ಬಂಗಾರಿ ದೊಡ್ಡ. ಬಂಗಾರಿ ಸಣ್ಣ. ರಾಣಿ ಒಂದು, ರಾಣಿ ಎರಡು, ರಾಣಿ ಅಮಾವಾಸ್ಯೆ! ಎಣಿಸಿದೆ. ಮೂವತ್ತೊಂದು ಹೆಂಗಸರು. ಕಾಲ್ ಹಿಸ್ಟರಿಯಲ್ಲಿ ಒಬ್ಬಳದ್ದೂ ಇಲ್ಲ. ಒಳ್ಳೆ ಜಾಣರು ನೀವು. ಅರುವತ್ತೆರಡು ವರ್ಷ, ಕಣ್ಣಿನ ಆಪರೇಶನ್ ಆಗಿ ತಿಂಗಳಾಗಲಿಲ್ಲ, ಇನ್ನು ನೀವು ಮೀನಿನ ಬೋಟಿಗೆ ಹೋಗುವುದು ಬೇಡ ಎಂದು ಅಮ್ಮ ದೇವರಿಗೆ ಹರಕೆ ಹೊತ್ತಿದ್ದಾಳೆ. ಆ ಅಮ್ಮನಿಗೆ ಇದು!

ಒಂದೊಂದಾಗಿ ಡಿಲೀಟ್ ಮಾಡಿದೆ. ಮೂವತ್ತೊಂದು ಸಲ ಒತ್ತಿದೆ. ಮನೆಯವರದ್ದು ಮಾತ್ರ ಬಿಟ್ಟೆ. ಉಳಿದದ್ದನ್ನು ಹೊಸದಕ್ಕೆ ಹಾಕಿ, ಹಳೇ ಸೆಟ್ಟನ್ನು ಪೂರ್ತಿ ಖಾಲಿ ಮಾಡಿ, ಹಳೇ ಫೋನ್ ತೆಗೆದುಕೊಳ್ಳುವ ಮಿಷಿನ್ನಿನ ಒಳಗೆ ಇಟ್ಟೆ. ನೀವು ಬಂದು "ಎಲ್ಲ ಬಂತಾ ಮಗಾ" ಎಂದು ಕೇಳಿದಿರಿ. ಬಂತು ಎಂದೆ. ಆ ಸಂಜೆಯೇ ಅಮ್ಮನಿಗೆ ಹೇಳಿದೆ.

ಉತ್ತರ ಬರೆಯಬೇಕೆಂದಿಲ್ಲ. ಬರೆಯುವುದಾದರೆ ನಿಜ ಬರೆಯಿರಿ.

ಯಶ್ಮಿತಾ


ಬೆಂಗ್ರೆ
8-8-2025

ಯಶ್ಮಿ,

ನಿನ್ನ ಪತ್ರ ನಿನ್ನೆ ಬಂತು. ಆಪರೇಶನ್ ಆದ ಕಣ್ಣಿಗೆ ಓದುವುದು ಕಷ್ಟ, ಆದರೆ ಅದು ಬೇರೆಯವರ ಹತ್ತಿರ ಓದಿಸುವಂಥ ಪತ್ರವಾ? ಮೊದಲ ಪುಟಕ್ಕೆ ಬಿದ್ದು ಬಿದ್ದು ನಗಾಡಿದೆ. ಎರಡನೇ ಪುಟದಲ್ಲಿ ಡಿಲೀಟ್ ಮಾಡಿದೆ ಎಂದು ಬರೆದಿದ್ದಿ. ಅಲ್ಲಿಂದ ಮುಂದೆ ಓದಲಿಕ್ಕೆ ಆಗಲಿಲ್ಲ. ಕೂತಲ್ಲೇ ಕೂತೆ. ಪಕ್ಕದ ಮನೆಯವರು ಬಂದು ನೀರು ಕೊಟ್ಟರು.

ಮೀನಿನವರ ಮನೆಯಲ್ಲಿ ಹುಟ್ಟಿ ಅಂಜಲಿ ಯಾರು ಎಂದು ಕೇಳ್ತಿಯಲ್ಲ ಮಾರಾಯ್ತಿ! ಅಂಜಲಿ ಅಂದರೆ ಅಂಜಲ್ ಮೀನು. ಮಂಜುಳಾ ಅಂದರೆ ಮಾಂಜಿ. ಬಂಗಾರಿ ಬಂಗುಡೆ. ರಾಣಿ ಅಂದರೆ ರಾಣಿ ಮೀನೇ, ಅದಕ್ಕೆ ನಾನು ವೇಷ ಕೂಡ ಹಾಕಲಿಲ್ಲ. ಸಂಜೆ, ಅಮಾವಾಸ್ಯೆ ಎಂದದ್ದು ಅದು ಸಿಗುವ ಹೊತ್ತು. ನಂಬರ್ ಯಾವ ಹೆಂಗಸಿನದ್ದೂ ಅಲ್ಲ, ಆ ಮೀನು ಸಿಗುವ ಜಾಗದ್ದು. ಜಿಪಿಎಸ್‌ನಲ್ಲಿ ಬರುವ ಅಂಕೆ, ಅಕ್ಷಾಂಶ ರೇಖಾಂಶ ಅಂತಾರಲ್ಲ, ಅದು. ನಮ್ಮ ಕಡಲಿನಲ್ಲಿ ಮೊದಲಿನ ಹನ್ನೆರಡು ಮತ್ತು ಎಪ್ಪತ್ತನಾಲ್ಕು ಎಲ್ಲ ಕಡೆಯೂ ಒಂದೇ. ಅದನ್ನು ಬಿಟ್ಟರೆ ಈ ಕಡೆಯದ್ದು ಐದು ಅಂಕೆ, ಆ ಕಡೆಯದ್ದು ಐದು. ಒಟ್ಟು ಹತ್ತು. ಯಾರು ನೋಡಿದರೂ ಮೊಬೈಲ್ ನಂಬರ್ ಎಂದು ತಿಳಿಯಬೇಕು, ಅದಕ್ಕೇ ಹಾಗೆ ಇಟ್ಟದ್ದು. ನಾಲ್ಕರಿಂದ ಐದರಿಂದ ಶುರುವಾಗುವ ಮೊಬೈಲ್ ನಂಬರ್ ಎಲ್ಲಿಯಾದರೂ ಉಂಟಾ? ದಿನವಿಡೀ ನಂಬರ್ ಒತ್ತುವವಳು ನೀನು.

ಬೋಟ್ ಜಯಪಾಲಣ್ಣನದು. ಬಲೆ ಅವರದು, ಡೀಸೆಲ್ ಅವರದು, ಜಿಪಿಎಸ್ ಮಿಷಿನ್ನೂ ಅವರದೇ. ಪ್ರತಿ ಸಲ ಬೋಟ್ ಕಟ್ಟುವ ದಕ್ಕೆಗೆ ಬರುವ ಮೊದಲು ಮಿಷಿನ್ನಿನಲ್ಲಿದ್ದದ್ದನ್ನೆಲ್ಲ ನಾನು ಅಳಿಸಿಯೇ ಬರುವುದು. ಇಲ್ಲದಿದ್ದರೆ ನಾಳೆ ಬೋಟ್ ನಡೆಸಲು ಇನ್ನೊಬ್ಬ ತಂಡೇಲನನ್ನು ಕೂರಿಸಿದರೆ ನನ್ನ ಜಾಗವೆಲ್ಲ ಅವನಿಗೆ. ಮೂವತ್ತು ವರ್ಷ ಬೋಟ್ ನಡೆಸಿದ ನನ್ನದು ಅಂತ ಇದ್ದದ್ದು ಆ ಮೂವತ್ತೊಂದು ನಂಬರ್. ನಾಳೆ ಸಮುದ್ರ ಪೂಜೆ. ನಿನ್ನ ಅಣ್ಣ ಯತಿನ್ ಮಲ್ಪೆಯ ಬೋಟ್ ಬಿಟ್ಟು ನನ್ನ ಜಾಗಕ್ಕೆ ತಂಡೇಲನಾಗಿ ಬರ್ತಾನೆ. ಪೂಜೆಯ ಹಾಲು ಎರೆದ ಮೇಲೆ ಎಲ್ಲ ಅವನ ಕೈಗೆ ಕೊಡುವುದೆಂದು ಇಟ್ಟಿದ್ದೆ. ಇನ್ನು ಎಂತ ಕೊಡಲಿ?

ನಿನ್ನೆಯಿಂದ ಕ್ಯಾಲೆಂಡರಿನ ಹಿಂದೆ ನೆನಪು ಮಾಡಿ ಬರೆಯುತ್ತಿದ್ದೇನೆ. ಏಳು ಅಂಕೆ ಬರ್ತದೆ, ಎಂಟನೆಯದ್ದು ಬರುವುದಿಲ್ಲ. ಫೋನಿನಲ್ಲಿ ಉಂಟಲ್ಲ ಎಂದು ತಲೆ ಸುಮ್ಮನೆ ಕೂತಿತ್ತು ಇಷ್ಟು ವರ್ಷ.

ನಿಮ್ಮ ಕಂಪೆನಿಯವರಿಗೆ ಹೇಳು, ಕಡಲಿನಲ್ಲಿಯೂ ಮೀನು ಕೋಟಿಗಟ್ಟಲೆ ಉಂಟು ಎಂದು ಮೊದಲು ಬೋಟಿನವರೆಲ್ಲ ಹೇಳ್ತಿದ್ದರು.

ನೀನು ಈಗ ಮನೆಗೆ ಬರಬೇಡ. ನಿನ್ನ ಮುಖ ಕಂಡರೆ ಬಾಯಿಯಿಂದ ಎಂತ ಬಂದೀತೆಂದು ನನಗೇ ಗೊತ್ತಿಲ್ಲ. ಅಮ್ಮನಿಗೆ ಈ ಪತ್ರ ಓದಿ ಹೇಳು.

ಅಂಗಾರ


ಶಕ್ತಿನಗರ
18 ಆಗಸ್ಟ್ 2025

ಅಪ್ಪ,

ಹತ್ತು ದಿನ ಪೆನ್ನು ಹಿಡಿಯುವ ಧೈರ್ಯ ಬರಲಿಲ್ಲ. ಇವತ್ತು ಬಂದಿದೆ, ಯಾಕೆಂದು ಕೊನೆಗೆ ಹೇಳ್ತೇನೆ.

ನಿಮ್ಮ ಪತ್ರ ಓದಿದವಳು ಹಾಗೆಯೇ ಅಂಗಡಿಗೆ ಓಡಿದೆ. ನವಾಝ್ ಸರ್ ಕಾಲು ಹಿಡಿಯುವುದೊಂದು ಬಾಕಿ. ಪಾಪ, ಅವರು ಎಲ್ಲೆಲ್ಲೋ ಫೋನ್ ಮಾಡಿದರು. ಹಳೇ ಸೆಟ್ಟು ಆ ವಾರವೇ ಲಾರಿಯಲ್ಲಿ ಹೋಗಿ ಆಗಿದೆ. ಸಿಕ್ಕಿದರೂ ಪ್ರಯೋಜನ ಇಲ್ಲವಂತೆ, ಖಾಲಿ ಮಾಡಿದ ಸೆಟ್ಟಿನಿಂದ ಎಂತದೂ ಹಿಂದೆ ಬರುವುದಿಲ್ಲ. ನೀವು ಯಾವ ಅಕೌಂಟಿಗೂ ಸೇರಿಸದೆ ಎಲ್ಲವನ್ನೂ ಸೆಟ್ಟಿನ ಒಳಗೇ ಇಟ್ಟಿದ್ದಿರಿ. ಯಾರಿಗೂ ಸಿಗಬಾರದೆಂದು ಇಟ್ಟದ್ದು, ಯಾರಿಗೂ ಸಿಗಲಿಲ್ಲ. ಅಷ್ಟು ಹೊತ್ತಿಗೆ ನನ್ನ ತಲೆಯ ಮೇಲೆಯೇ ಗೋಡೆಯಲ್ಲಿ ನನ್ನ ಫೋಟೋ ಇತ್ತು. ಜುಲೈ ತಿಂಗಳ ಅಪ್‌ಗ್ರೇಡ್ ಸ್ಟಾರ್, ಯಶ್ಮಿತಾ, ಮೂವತ್ತಕ್ಕೆ ಮೂವತ್ತು. ಅದಕ್ಕೆ ಬೆನ್ನು ಹಾಕಿ ನಿಂತೆ.

ಪಡೀಲಿಗೆ ಹೋಗಿ ಅಮ್ಮನಿಗೆ ಓದಿ ಹೇಳಿದೆ. ಅಮ್ಮ ಬೀಸಿ ಒಂದು ಕೊಟ್ಟಳು, ಇಷ್ಟು ದೊಡ್ಡವಳಾದ ಮೇಲೆ ಮೊದಲ ಸಲ. ಆಮೇಲೆ ತನ್ನ ಹಣೆಗೂ ಒಂದು ಬಡಿದುಕೊಂಡಳು. "ಇಪ್ಪತ್ತೈದು ವರ್ಷ ತಲೆಯ ಮೇಲೆ ಅದೇ ಮಾಂಜಿ, ಅದೇ ಅಂಜಲ್ ಹೊತ್ತು ಮಾರಿದವಳಿಗೆ ನನಗೂ ಹೊಳೆಯಲಿಲ್ಲವಾ" ಎಂದು ಅತ್ತಳು. ಅಳುವಾಗಲೇ ನಗು. "ರಾಣಿ ಅಮಾವಾಸ್ಯೆ" ಎಂದು ಹೇಳಿ ಹೇಳಿ ನಗು. ದೊಡ್ಡಮ್ಮ ಹೆದರಿ ಹೋದರು.

ಈಗ ಒಳ್ಳೆ ಸುದ್ದಿ. ಇವತ್ತು ಮಧ್ಯಾಹ್ನ ನಿಮ್ಮ ಹೊಸ ಫೋನಿನ ಡಬ್ಬ ಬಿಚ್ಚಿದೆವು. ಮನೆಯವರ ಹೆಸರು ನಾನು ಬಿಟ್ಟಿದ್ದೆ ಅಂದೆನಲ್ಲ? ನನ್ನ ನಂಬರ್ "ಮಗಳು" ಎಂದು ಉಂಟು, ಅಮ್ಮನದ್ದು "ಮನೆ" ಎಂದು. ಅದಲ್ಲದೆ "ಯಶ್ಮಿತಾ" ಎಂದು ಬೇರೆಯೇ ಒಂದು, ಅಮ್ಮನ ಹೆಸರು "ಸ್ವರ್ಣಲತಾ" ಎಂದು ಬೇರೆ ಒಂದು! ನನ್ನದು ನಾಲ್ಕರಿಂದ ಶುರು, ಅಮ್ಮನದ್ದು ಐದರಿಂದ. ಅಪ್ಪ, ನಾನು ಕಿರುಚಿದ್ದಕ್ಕೆ ಪಕ್ಕದ ಮನೆಯ ನಾಯಿ ಬೊಗಳಿತು. ಎರಡು ಉಳಿದಿದೆ! ಅದೂ ಹೆಂಡತಿ ಮಗಳ ಹೆಸರಿನಲ್ಲಿ ಇಟ್ಟದ್ದು, ಎಲ್ಲಕ್ಕಿಂತ ಒಳ್ಳೆಯದೇ ಇರಬೇಕು.

ಎರಡನ್ನೂ ಕೂಡಲೇ ಯತಿನಣ್ಣನಿಗೆ ಕಳಿಸಿದೆ. ಅವನ ಬೋಟ್ ನಾಳೆ ಬೆಳಿಗ್ಗೆ ಹೊರಡ್ತದೆ. ಅಪ್ಪನಿಗೆ ಈಗ ಹೇಳಬೇಡ, ಬೋಟ್ ತುಂಬಿಸಿ ತಂದು ತೋರಿಸು ಎಂದಿದ್ದೇನೆ. ಈ ಪತ್ರ ನಿಮಗೆ ಸಿಗುವಾಗ ಅವನು ಅಲ್ಲಿಗೆ ಮುಟ್ಟಿರಬಹುದು. ನನ್ನ ಹೆಸರಿನಲ್ಲಿ ಎಷ್ಟು ಮೀನು ಬಚ್ಚಿಟ್ಟಿದ್ದೀರಿ ನೋಡುವ.

ಅಮ್ಮ ಶನಿವಾರ ಮನೆಗೆ ಬರ್ತಾಳೆ. ಅನ್ನ ಹೆಚ್ಚು ಇಡಿ.

ನಿಮ್ಮ ಮಗಳು,
ಯಶ್ಮಿತಾ


ದಕ್ಕೆ, ವಯರ್‌ಲೆಸ್ ರೂಮಿನ ಹೊರಗೆ
22-8-2025, ಮಧ್ಯಾಹ್ನ ಎರಡು ಗಂಟೆ

ಯಶ್ಮಿ,

ನಿನ್ನ ಪತ್ರ ಹನ್ನೆರಡೂವರೆಗೆ ಪೋಸ್ಟಿನವ ಕೊಟ್ಟ. ಅವನ ಫೋನಿನಿಂದಲೇ ನಿನಗೆ ಮಾಡಿದೆ. ನನಗೆ ಬಾಯಿಪಾಠ ಇರುವುದು ನಿನ್ನ ನಂಬರ್ ಒಂದೇ. ಐದು ಸಲ ರಿಂಗ್ ಆಗಿ ನಿಂತಿತು. ಫೋನ್ ಮಾರುವವರ ಫೋನನ್ನು ಕೆಲಸದ ಹೊತ್ತು ಲಾಕರಿನಲ್ಲಿ ಇಡುವುದಂತೆ, ಎಂಥ ಅಂಗಡಿ ಅದು! ಬಂದ ಫೆರಿಗೆ ಹತ್ತಿ ದಕ್ಕೆಗೆ ಓಡಿ ಬಂದೆ. ಚಪ್ಪಲಿ ಹಾಕಿಲ್ಲ ಎಂದು ಈಗ ಗೊತ್ತಾಯಿತು.

ವಯರ್‌ಲೆಸ್‌ನಲ್ಲಿ ಯತಿನ್ ಸಿಗುತ್ತಿಲ್ಲ. ಇಲ್ಲಿಯವರು ಕೂಗುತ್ತಲೇ ಇದ್ದಾರೆ. ಸುಮ್ಮನೆ ಕೂರಲಿಕ್ಕೆ ಆಗುವುದಿಲ್ಲ, ಅದಕ್ಕೆ ನಿನ್ನ ಪತ್ರದ ಹಿಂದೆಯೇ ಬರೆಯುತ್ತಿದ್ದೇನೆ.

ಮೀನಿರುವ ಜಾಗಕ್ಕೆ ಮನೆಯವರ ಹೆಸರು ಇಡುವವನಲ್ಲ ನಾನು. ಮನೆಯವರ ಹೆಸರು ಬಲೆ ಬಿಡಬಾರದ ಜಾಗಕ್ಕೆ. ನಿಮ್ಮ ಹೆಸರು ಕಂಡರೆ ಕೈ ನಿಲ್ಲಬೇಕು, ಬೋಟ್ ತಿರುಗಿಸಬೇಕು. ಹಾಗೆ ಮಾಡಿಟ್ಟದ್ದು. ನಿನ್ನ ಅಮ್ಮನದ್ದು ಬರೀ ಬಂಡೆ, ಬಲೆ ಹರಿಯುತ್ತದೆ, ಹೆಚ್ಚು ಎಂತ ಇಲ್ಲ. ನಿನ್ನದು ಹಾಗಲ್ಲ. ಅಲ್ಲಿ ಅಡಿಯಲ್ಲಿ ಮುಳುಗಿದ ದೊಡ್ಡ ಬಾರ್ಜು ಉಂಟು, ಸರಕು ಸಾಗಿಸುವ ಕಬ್ಬಿಣದ ದೋಣಿ. ನೀನು ಹುಟ್ಟಿ ಹದಿನಾರನೇ ದಿನ ನನ್ನ ಬಲೆ ಅದಕ್ಕೆ ಸಿಕ್ಕಿತು. ಇಂಜಿನ್ ಎಳೆಯುತ್ತದೆ, ಬಲೆ ಬರುವುದಿಲ್ಲ, ಬೋಟ್ ಒಂದು ಬದಿಗೆ ವಾಲಿತು. ಹಿಂದಿನಿಂದ ನೀರು ಒಳಗೆ ಬಂತು. ಹೊಸ ಬಲೆ, ಕಡಿದರೆ ಆಗಿನ ಧಣಿಗಳು ಬಿಡುವುದಿಲ್ಲ ಎಂದು ನಾನು ತಡ ಮಾಡಿದೆ. ಒಬ್ಬ ನೀರಿಗೆ ಬಿದ್ದ. ಕೇರಳದವ, ನನಗಿಂತ ಸಣ್ಣವ. ಸಿಗಲಿಲ್ಲ. ಆಮೇಲೆ ಕಡಿದೆ. ನಿನ್ನ ಅಮ್ಮನಿಗೆ ಕೂಡ ನಾನು ಇದನ್ನು ಸರಿಯಾಗಿ ಹೇಳಿದವನಲ್ಲ. ತೊಟ್ಟಿಲಲ್ಲಿ ನೀನಿದ್ದಿ. ಎಂತ ಹೇಳಲಿ?

ಯತಿನನಿಗೆ ಇದು ತಂಡೇಲನಾಗಿ ಮೊದಲ ಟ್ರಿಪ್. ಬಲೆ ಕಡಿಯಲಿಕ್ಕೆ ಅವನ ಮನಸ್ಸು ಬರ್ತದಾ? ನನಗೆ ಬಂದಿರಲಿಲ್ಲ.

ಎರಡೂ ಮುಕ್ಕಾಲು. ಇನ್ನೊಂದು ಬೋಟಿನವರು ಅವನನ್ನು ಬೆಳಿಗ್ಗೆ ಕಂಡರಂತೆ. ಎಲ್ಲಿ ಎಂದು ಕೇಳಿದರೆ ಸರಿ ಹೇಳುವುದಿಲ್ಲ, ಯಾರೂ ಜಾಗ ಹೇಳುವುದಿಲ್ಲ, ನಾನೂ ಹೇಳಿದವನಲ್ಲ. ಮೈಕ್ ನಾನೇ ಕಸಿದುಕೊಂಡೆ. ಎಲ್ಲ ಬೋಟಿಗೂ ಕೇಳುವ ಹಾಗೆ ನಂಬರ್ ಓದಿದೆ. ನಲವತ್ತೆಂಟು ನೂರ ಹದಿನಾರು, ಮೂವತ್ತೊಂದು ಒಂಬೈನೂರ ಎರಡು. ಯಶ್ಮಿತಾ ಬೇಡ ಯತಿನ್, ಯಶ್ಮಿತಾದಲ್ಲಿ ಬಲೆ ಬಿಡಬೇಡ, ಹತ್ತಿರ ಯಾರಿದ್ದರೂ ಅವನಿಗೆ ಹೇಳಿ. ಹತ್ತು ಸಲ ಹೇಳಿದೆನೋ ಇಪ್ಪತ್ತು ಸಲವೋ.

ಮೂರೂ ಕಾಲು. ಸಿಕ್ಕಿದ. ಸ್ವರ ಒಡೆದು ಒಡೆದು ಬರ್ತದೆ. "ಬಿಟ್ಟಾಯಿತು ಅಪ್ಪ. ಸಿಕ್ಕಿಕೊಂಡಿದೆ. ಎಳೀತಾ ಇದ್ದೇನೆ" ಅಂದ.

"ಎಳೀಬೇಡ. ಕಡಿ" ಅಂದೆ.

"ಹೊಸ ಬಲೆ ಅಪ್ಪ. ಜಯಪಾಲಣ್ಣ ಎಂತ ಹೇಳಿಯಾರು?"

"ಕಡಿ ಮಗಾ. ನಾನು ಹೇಳಿಕೊಳ್ತೇನೆ. ಕಡಿ."

ಆಮೇಲೆ ಬರೀ ಗರಗರ ಶಬ್ದ.

ಮೂರೂ ಮುಕ್ಕಾಲು. ಎಂತದೂ ಇಲ್ಲ. ದಕ್ಕೆಯ ಜನ ಎಲ್ಲ ಬಾಗಿಲಲ್ಲಿ ನಿಂತಿದ್ದಾರೆ. ಜಯಪಾಲಣ್ಣನೂ ಬಂದು ನಿಂತರು. ನನ್ನ ಹೆಗಲ ಮೇಲೆ ಕೈ ಇಟ್ಟಿದ್ದಾರೆ.

ನಾಲ್ಕು ಗಂಟೆ ಹತ್ತು ನಿಮಿಷ. "ಕಡಿದೆ ಅಪ್ಪ" ಅಂದ. ಎಂಟು ಜನವೂ ಇದ್ದಾರಂತೆ. ಎಣಿಸಿ ಹೇಳು ಅಂದೆ, ಒಬ್ಬೊಬ್ಬರ ಹೆಸರು ಹೇಳಿದ.

ಇನ್ನು ಬರೆಯಲಿಕ್ಕೆ ಆಗುವುದಿಲ್ಲ. ಅಕ್ಷರ ಕಾಣುವುದಿಲ್ಲ.

ಅಪ್ಪ


ಶಕ್ತಿನಗರ
31 ಆಗಸ್ಟ್ 2025

ಅಪ್ಪ,

ದಕ್ಕೆಯಿಂದ ಬರೆದ ಪತ್ರ ಮಂಗಳವಾರ ಬಂತು. ಅಷ್ಟರಲ್ಲಿ ಅಣ್ಣ ಊರಿಗೆ ಬಂದು, ಅಮ್ಮ ಫೋನಿನಲ್ಲಿ ಎಲ್ಲ ಹೇಳಿ, ನಾನು ಅತ್ತು ಮುಗಿದಿತ್ತು. ಆದರೂ "ಮೂರೂ ಮುಕ್ಕಾಲು" ಎಂದು ಬರೆದಲ್ಲಿ ನಾನು ಪತ್ರ ಮಡಚಿಟ್ಟೆ. ಎಂಟು ಜನವೂ ಇದ್ದಾರೆ ಎಂದು ಗೊತ್ತಿದ್ದೂ ಮಡಚಿಟ್ಟೆ. ಅಪ್ಪ, ನನ್ನ ಕೈಯಿಂದಲೇ ಅವನನ್ನು ಅಲ್ಲಿಗೆ ಕಳಿಸಿದೆ. ಎರಡು ಸ್ಮೈಲಿ ಹಾಕಿ ಕಳಿಸಿದ್ದೆ. ಆ ಮೆಸೇಜ್ ಇನ್ನೂ ಉಂಟು, ನೋಡಲಿಕ್ಕೆ ಧೈರ್ಯ ಇಲ್ಲ.

ಹಿಂದಿನ ವಾರ ಅಂಗಡಿಯಲ್ಲಿ ಕೇಕ್ ಕತ್ತರಿಸಿದರು. ಕಂಪೆನಿಗೆ ಈ ಮೂರು ತಿಂಗಳಲ್ಲಿ ಯಾರೂ ಎಣಿಸದಷ್ಟು ಲಾಭವಂತೆ, ಹಳೇ ಫೋನಿನವರು ಅಂತೂ ಎದ್ದರಂತೆ, ಮುಂದಿನ ವರ್ಷ ಇನ್ನೂ ಬೆಳೀತದಂತೆ. ಎಲ್ಲರೂ ಚಪ್ಪಾಳೆ ತಟ್ಟಿದರು. ನನ್ನ ಕೈ ಮೇಲೆ ಬರಲಿಲ್ಲ.

ಈ ತಿಂಗಳು ನನ್ನದು ಎಂಟೇ ಎಕ್ಸ್‌ಚೇಂಜ್. ಯಾರಾದರೂ ಹಳೇ ಸೆಟ್ಟು ತಂದರೆ ನಾನು ಮೊದಲು ಅವರನ್ನು ಕೂರಿಸಿ, ಇದರಲ್ಲಿ ಯಾರ್ಯಾರಿದ್ದಾರೆ ನೀವೇ ಒಮ್ಮೆ ನೋಡಿ ಎಂದು ಫೋನ್ ಕೈಗೆ ಕೊಡ್ತೇನೆ. ಕೆಲವರು ನೋಡಿ, ಇವತ್ತು ಬೇಡ ಎಂದು ಎದ್ದು ಹೋಗ್ತಾರೆ. ನವಾಝ್ ಸರ್ ಕಂಡೂ ಕಾಣದ ಹಾಗಿದ್ದಾರೆ. ಅವರ ತಂದೆಯೂ ಬಂದರಿನಲ್ಲಿ ದುಡಿದವರೇ. ಗೋಡೆಯ ಫೋಟೋ ನಾನೇ ತೆಗೆದೆ.

ಒಂದು ಕೇಳಬೇಕು, ಸಿಟ್ಟು ಮಾಡಬೇಡಿ. ಅಂಜಲ್ ಸಿಗುವಲ್ಲಿ ಅಂಜಲಿ, ಮಾಂಜಿ ಸಿಗುವಲ್ಲಿ ಮಂಜುಳಾ. ನನ್ನ ಹೆಸರನ್ನು ಮಾತ್ರ ಆ ಸಾವಿನ ಜಾಗಕ್ಕೆ ಇಟ್ಟಿರಲ್ಲ ಅಪ್ಪ. ಇನ್ನಾದರೂ ಒಂದು ಒಳ್ಳೆ ಜಾಗಕ್ಕೆ ಇಡಬಾರದಾ? ನನಗೆ ಬೇಸರ ಉಂಟು.

ಮನೆಗೆ ಬರಲಾ?

ಯಶ್ಮಿತಾ


ಬೆಂಗ್ರೆ
14-9-2025

ಮಗಾ,

ಬರಲಾ ಎಂದು ಕೇಳುವುದೆಂತ. ಬರುವ ಆದಿತ್ಯವಾರ ಬಾ. ಅಮ್ಮ ಮಾಂಜಿ ತಂದಿಡ್ತಾಳಂತೆ, ನನ್ನ ಪ್ಲೇಟಿಗೆ ಬಡಿಸುವಾಗಲೆಲ್ಲ "ತೆಕ್ಕೊಳ್ಳಿ, ನಿಮ್ಮ ಮಂಜುಳಾ" ಎಂದು ಹೇಳಿ ಪ್ರಾಣ ತೆಗೀತಾಳೆ. ಬರುವಾಗ ಫೋನಿನಲ್ಲಿ ಟೈಪ್ ಮಾಡಲು ತಯಾರಾಗಿ ಬಾ. ಕ್ಯಾಲೆಂಡರಿನ ಹಿಂದೆ ಹನ್ನೊಂದು ನಂಬರ್ ಸರಿಯಾಗಿ ಬಂದಿದೆ. ಉಳಿದ ಇಪ್ಪತ್ತು ಹೋಯಿತು. ಹೋಯಿತೆಂದರೆ ಹೋಯಿತೇ. ರಾಣಿ ಅಮಾವಾಸ್ಯೆ ನೆನಪಾದರೆ ಇನ್ನೂ ಹೊಟ್ಟೆ ಉರಿಯುತ್ತದೆ, ಸುಳ್ಳು ಯಾಕೆ ಹೇಳಲಿ.

ಜಯಪಾಲಣ್ಣ ಬಲೆಯ ಮಾತು ಎತ್ತಲಿಲ್ಲ. ಯತಿನನನ್ನೇ ಮತ್ತೆ ಕಳಿಸಿದ್ದಾರೆ. ಇಪ್ಪತ್ತೆರಡು ವರ್ಷದ ಹಿಂದೆ ನನ್ನ ಧಣಿಗಳು ನನ್ನನ್ನು ದಕ್ಕೆಗೇ ಬರಬೇಡ ಎಂದಿದ್ದರು. ಹಾಗಾಗಿ ಅವತ್ತು ಜಯಪಾಲಣ್ಣ ಹೆಗಲ ಮೇಲೆ ಇಟ್ಟ ಕೈಯನ್ನು ನಾನು ಮರೆಯುವುದಿಲ್ಲ.

ನಿನ್ನ ಹೆಸರಿನ ವಿಷಯ. ಬದಲಿಸುವ ಎಂದು ನಾನೂ ಎಣಿಸಿದೆ. ಆಗುವುದಿಲ್ಲ ಮಗಾ, ಇನ್ನು ಅದು ನನ್ನ ಕೈಯಲ್ಲಿ ಇಲ್ಲ. ಅವತ್ತು ನಾನು ನಂಬರ್ ಓದಿದ್ದನ್ನು ಕಡಲಿನಲ್ಲಿದ್ದ ಬೋಟಿನವರೆಲ್ಲ ಬರೆದುಕೊಂಡಿದ್ದಾರೆ. ನಿನ್ನೆ ಎಂತದೋ ಕೆಲಸಕ್ಕೆ ವಯರ್‌ಲೆಸ್ ರೂಮಿಗೆ ಹೋಗಿದ್ದೆ. ಮಲ್ಪೆಯ ಬೋಟಿನವ, ಯಾರೆಂದು ನನಗೂ ಗೊತ್ತಿಲ್ಲ, ಇನ್ನೊಬ್ಬನಿಗೆ ಕೂಗಿ ಹೇಳ್ತಾ ಇದ್ದ, "ಮುಂದೆ ಯಶ್ಮಿತಾ ಉಂಟು ಮಾರಾಯ, ಬಲೆ ಮೇಲೆ ತೆಕ್ಕೋ" ಎಂದು. ಅಲ್ಲೇ ಬೆಂಚಿನಲ್ಲಿ ಕೂತೆ. ಆ ಕೇರಳದವನನ್ನು ನೆನೆಸಿಕೊಂಡೆ. ಅವತ್ತು ನಮಗೆ ಹಾಗೆ ಕೂಗಿ ಹೇಳುವವರು ಒಬ್ಬರೂ ಇರಲಿಲ್ಲ.

ಈಗ ನೀನು ಇಲ್ಲಿಂದ ಮಲ್ಪೆಯವರೆಗೆ ಎಷ್ಟು ತಂಡೇಲರ ಫೋನಿನಲ್ಲಿ ಇದ್ದಿಯೋ ದೇವರಿಗೇ ಗೊತ್ತು. ಅವರಿಗೂ ಹೆಂಡತಿ ಮಕ್ಕಳು ಇದ್ದಾರೆ. ನಿಮ್ಮ ಕಂಪೆನಿ ಹೇಗೂ ಅವರ ಹಳೇ ಸೆಟ್ಟನ್ನೂ ಬಿಡುವುದಿಲ್ಲ. ಒಂದು ದಿನ ಯಾವಳಾದರೂ ಗಂಡನ ಫೋನ್ ಹಿಡಿದುಕೊಂಡು ನಿನ್ನ ಅಂಗಡಿಗೆ ಬಂದು, ಈ ಯಶ್ಮಿತಾ ಯಾರು ಎಂದು ಕೇಳಿದರೆ, ನಾನೇ ಎಂದು ಹೇಳು. ಕೂರಿಸಿ ಎಲ್ಲ ಹೇಳು. ಡಿಲೀಟ್ ಮಾಡಲಿಕ್ಕೆ ಮಾತ್ರ ಬಿಡಬೇಡ.

ಅಪ್ಪ